ಮೂರನೇ ತೊಟ್ಟಿಯ ನೀರು

ಲಾಂಡ್ರಿಯವಳ ಮಗಳಿಗೆ ಲೀಟರಮ್ಮ ಎಂದು ಹೆಸರಿಟ್ಟವಳು ಅವಳ ಅಜ್ಜಿ. ಪರಿಸರ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದ ಹುಡುಗಿ ಆರು ತಿಂಗಳಿಂದ ಅಮ್ಮನ ಅಂಗಡಿಯ ತೊಟ್ಟಿಗಳಿಗೆ ಅಳತೆಕೋಲು ಇಳಿಬಿಟ್ಟು, ಎಷ್ಟು ನೀರು ಬಂತು, ಎಷ್ಟು ಚರಂಡಿ ಸೇರಿತು ಎಂದು ಬರೆದಿಡುತ್ತಿದ್ದಳು. ಅಜ್ಜಿ ಬಾಯಿ ಮುಕ್ಕಳಿಸಿದರೂ, "ಬರ್ಕೊಳೇ, ಕಾಲು ಲೀಟರು" ಎನ್ನುವಳು.

ಅಂಗಡಿಯಲ್ಲಿ ಮೂರು ತೊಟ್ಟಿ. ಮೊದಲನೆಯದರಲ್ಲಿ ಬಟ್ಟೆ ನೆನೆಹಾಕುವುದು, ಎರಡನೆಯದರಲ್ಲಿ ಒಗೆಯುವುದು, ಮೂರನೆಯದರಲ್ಲಿ ಕೊನೆಯ ಸಲ ಜಾಲಿಸುವುದು. ಆ ಕೊನೆಯ ನೀರನ್ನು ಅಮ್ಮ ಸುಮ್ಮಸುಮ್ಮನೆ ಚೆಲ್ಲುತ್ತಿರಲಿಲ್ಲ. ಮರುದಿನ ಬಟ್ಟೆ ನೆನೆಹಾಕಲೆಂದು ಡ್ರಮ್ಮಿಗೆ ತುಂಬಿಡುತ್ತಿದ್ದಳು. ಬೀದಿಯ ಉಳಿದ ಲಾಂಡ್ರಿಯವರು ಅದನ್ನು ಜಿಪುಣತನ ಎಂದು ಆಡಿಕೊಳ್ಳುತ್ತಿದ್ದರು. ಮಗಳು ಅಳೆದು ನೋಡಿದಾಗ, ನೂರು ಲೀಟರು ಬೇಕಾದ ಕೆಲಸ ಅಮ್ಮನಿಗೆ ಎಪ್ಪತ್ತರ ಒಳಗೇ ಮುಗಿಯುತ್ತಿತ್ತು.

ಅದನ್ನೇ ನಾಲ್ಕು ಪುಟ ಬರೆದು, ದೂರದ ದೇಶದಲ್ಲಿ ನಡೆಯುವ ಸುಸ್ಥಿರ ಅಭಿವೃದ್ಧಿ ಸಮ್ಮೇಳನಕ್ಕೆ ಕಳಿಸಿದಳು. ಅಲ್ಲಿಗೆ ಹೋಗಬೇಕಾಗಿಲ್ಲ, ಕೂತಲ್ಲಿಂದಲೇ ಪರದೆಯ ಮೇಲೆ ಹತ್ತು ನಿಮಿಷ ಮಾತನಾಡಬಹುದು ಎಂದು ಅವರಿಂದ ಉತ್ತರ ಬಂತು.

ನೆಟ್‌ವರ್ಕ್ ಚೆನ್ನಾಗಿ ಸಿಗುತ್ತಿದ್ದುದು ಅಂಗಡಿಯ ಹಿಂದಿನ ಇಸ್ತ್ರಿ ಕೋಣೆಯಲ್ಲಿ ಮಾತ್ರ. ಅಂದು ಮಧ್ಯಾಹ್ನ ಮಡಿಸಿಟ್ಟ ಹಾಸುಬಟ್ಟೆಗಳ ಮೇಲೆ ಲ್ಯಾಪ್‌ಟಾಪ್ ಏರಿ ಕುಳಿತಿತು. ಅಮ್ಮ ಒಂದು ಬಿಳಿ ಹಾಸುಬಟ್ಟೆಗೆ ಎರಡೆರಡು ಸಲ ಇಸ್ತ್ರಿ ಹಾಕಿ ಮಗಳ ಬೆನ್ನ ಹಿಂದೆ ಕಟ್ಟಿದಳು. ಕೆಮ್ಮಕೂಡದು ಎಂಬ ಕರಾರಿನ ಮೇಲೆ ಅಜ್ಜಿಗೂ ಮೂಲೆಯಲ್ಲಿ ಸ್ಟೂಲು ಸಿಕ್ಕಿತು.

ಮೊದಲ ಎರಡು ನಿಮಿಷ ಹುಡುಗಿ ಬರೆದುಕೊಂಡದ್ದನ್ನೇ ಮೆಲ್ಲಗೆ ಓದಿದಳು. ತೊಟ್ಟಿಯ ಮಾತು ಬಂದದ್ದೇ ತಡ, ದನಿ ತಾನಾಗಿ ತೆರೆಯಿತು. ಮುಗಿಸುವ ಹೊತ್ತಿಗೆ ಸಭೆಯ ಅಧ್ಯಕ್ಷೆ ಕೇಳಿದಳು: ಪ್ರಯೋಗಾಲಯವಿಲ್ಲದ ಅಂಗಡಿಯವರಿಗೆ ನೀರು ಕೆಟ್ಟಿತೆಂದು ತಿಳಿಯುವುದು ಹೇಗೆ?

ನೀರಿನ ಪರೀಕ್ಷೆಯ ಅಂಕಿಗಳೆಲ್ಲ ಹುಡುಗಿಯ ಬಾಯಲ್ಲೇ ಇದ್ದವು. ಇದೊಂದನ್ನು ಅಮ್ಮನಿಗೆ ಕೇಳಿಯೇ ಇರಲಿಲ್ಲ. "ನನಗೆ ಗೊತ್ತಿಲ್ಲ, ಗೊತ್ತಿರುವವರು ಇಲ್ಲೇ ಇದ್ದಾರೆ" ಎಂದು ಸಭೆಗೆ ಹೇಳಿ, ಬಾಗಿಲಲ್ಲಿ ನಿಂತಿದ್ದ ಅಮ್ಮನ ಕಡೆ ತಿರುಗಿದಳು.

"ಅಮ್ಮಾ, ಬಾ ಇಲ್ಲಿ."

"ನಾನಾ? ತಲೆ ಕೆಟ್ಟಿದ್ಯೇನೇ?"

"ತಲೆ ಅಲ್ಲ, ನೀರು. ಕೆಟ್ಟಿದ್ದು ಹೇಗ್ ಗೊತ್ತಾಗುತ್ತೆ ಅಂತ ಕೇಳ್ತಿದಾರೆ."

ಕಸುಬಿನ ಮಾತು ಕೇಳಿದ ಮೇಲೆ ಅಮ್ಮನಿಗೆ ಯಾವ ಅಂಜಿಕೆ? ಡ್ರಮ್ಮಿನಿಂದ ಒಂದು ಮಗ್ ನೀರು ತಂದು, ಕೈ ಅದ್ದಿ, ಬೆರಳು ಉಜ್ಜಿ ತೋರಿಸಿದಳು. "ಹೀಗೆ ಜಾರಿದ್ರೆ ಸೋಪಿದೆ, ನೆನೆಹಾಕೋಕೆ ಆಗುತ್ತೆ. ಅಂಟಿದ್ರೆ ಕೊಳೆ ಸೇರಿದೆ, ಚೆಲ್ಬಿಡಿ. ಎರಡು ದಿನಕ್ಕಿಂತ ಹೆಚ್ಗೆ ಇಡ್ಬೇಡಿ, ನಾರುತ್ತೆ. ಆಸ್ಪತ್ರೆ ಬಟ್ಟೆ ಒಗೆದಿದ್ದಾದ್ರೆ ಒಂದು ಹನೀನೂ ಉಳಿಸ್ಬಾರ್ದು."

ಮಗಳು ಸಾಲು ಸಾಲಾಗಿ ಅವರ ಭಾಷೆಗೆ ತಿರುಗಿಸಿದಳು. ಇದನ್ನೆಲ್ಲ ಯಾರು ಕಲಿಸಿದರು ಎಂದು ಇನ್ನೊಬ್ಬರು ಕೇಳಿದರು.

"ನಮ್ಮತ್ತೆ. ಸೊಸೆಯಾಗಿ ಬಂದ ವಾರದಲ್ಲೇ ಆ ನೀರು ಚೆಲ್ಲಿ ಬೈಸ್ಕೊಂಡಿದ್ದೆ."

ಮೂಲೆಯಿಂದ ಅಜ್ಜಿ ಎದ್ದು ಬಂದು ಪರದೆಗೆ ಮುಖ ತೂರಿಸಿದಳು. "ಬೈದಿಲ್ಲ ಕಣ್ರಪ್ಪಾ. ಹೇಳ್ಕೊಟ್ಟೆ, ಸ್ವಲ್ಪ ಜೋರಾಗಿ."

ಮಗಳು ನಗು ತಡೆದುಕೊಂಡು ಅದನ್ನೂ ಹೇಳಿದಳು. ಆ ದೂರದ ಸಭೆಯಲ್ಲಿ ಎದ್ದ ನಗು ಪುಟ್ಟ ಸ್ಪೀಕರಿನಲ್ಲಿ ಹಿಡಿಸದೆ ಕರಕರ ಎಂದಿತು. ಹತ್ತು ನಿಮಿಷದ ಮಾತು ಅರ್ಧ ಗಂಟೆಗೆ ಹೋಯಿತು.

ಆಡಿಕೊಳ್ಳುತ್ತಿದ್ದ ಪಕ್ಕದ ಲಾಂಡ್ರಿಯವನೇ ಮರುವಾರ ಬಂದು, "ಅಕ್ಕಾ, ಆ ಬೆರಳು ಉಜ್ಜೋದು ನಂಗೂ ತೋರ್ಸಿ" ಎಂದ. ಪ್ರಬಂಧ ಅಚ್ಚಾಗುವ ಮುಂಚೆ ಹುಡುಗಿ ಅಮ್ಮನ, ಅಜ್ಜಿಯ ಹೆಸರುಗಳನ್ನೂ ಲೇಖಕರ ಸಾಲಿಗೆ ಸೇರಿಸಿದಳು. ಅಮ್ಮನನ್ನು ಕಾಲೇಜಿನವರು ಒಂದು ತರಗತಿ ತೆಗೆದುಕೊಳ್ಳಲು ಕರೆದರು. ಅವಳು ಹೋಗಿ, ಎಲ್ಲರ ಅಂಗಿಯ ತೋಳು ಮಡಿಚಿಸಿ, ನೀರಿಗೆ ಬೆರಳು ಅದ್ದಿಸಿ, ತಪ್ಪು ಹೇಳಿದ ಪ್ರಾಧ್ಯಾಪಕರಿಗೆ "ಇನ್ನೊಂದ್ಸಲ ನೋಡಿ ಸಾರ್" ಎಂದಳು. ವಾಪಸ್ ಬರುವಾಗ ಬಸ್ಸು ಬಿಟ್ಟು ಮಗಳ ಜೊತೆ ನಡೆದೇ ಬಂದಳು, ಕೊನೆಯ ಬೆಂಚಿನವರು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಎಂದು ದಾರಿಯುದ್ದಕ್ಕೂ ದೂರುತ್ತ, ನಗುತ್ತ.