ಕೆರೆಯ ಕೇಸಿನ ಟೈಪಿಸ್ಟಕ್ಕ

ಸಂಸ್ಥೆಗೆ ಮೂವತ್ತು ವರ್ಷ ತುಂಬಿತು, ಚರಿತ್ರೆ ಬರೆದುಕೊಡಿ ಎಂದು ನಮ್ಮ ಹೊಸ ವಕೀಲರೆಲ್ಲ ನನ್ನ ಬೆನ್ನು ಹತ್ತಿದ್ದಾರೆ. ಎಷ್ಟು ಕೇಸು ಹಾಕಿದೆವು, ಯಾವ ಹೊಳೆ ಉಳಿಯಿತು, ಯಾವ ಗುಡ್ಡ ಉಳಿಯಿತು ಎಂಬ ಪಟ್ಟಿ ಬೇಕಂತೆ. ಪಟ್ಟಿ ಬೀರುವಿನಲ್ಲಿದೆ, ತೆಗೆದು ನೋಡಿಕೊಳ್ಳಲಿ. ನಾನು ಬರೆಯುವುದು ನಮ್ಮ ಟೈಪಿಸ್ಟಕ್ಕನ ಬಗ್ಗೆ. ಅವರಿಲ್ಲದಿದ್ದರೆ ನಾನು ಸೇರಿದ ವರ್ಷವೇ ಈ ಸಂಸ್ಥೆ ಬಾಗಿಲು ಹಾಕುತ್ತಿತ್ತು, ಅದೂ ನನ್ನ ದೆಸೆಯಿಂದ.

ಆಗ ಸಂಸ್ಥೆ ಎಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ, ಎರಡು ಮೇಜು, ಮೂರು ಜನ. ಅದನ್ನು ಶುರುಮಾಡಿದ ದೊಡ್ಡ ವಕೀಲರು, ಟೈಪಿಸ್ಟಕ್ಕ, ಮತ್ತು ಆಗತಾನೇ ಕರಿ ಕೋಟು ಹೊಲಿಸಿಕೊಂಡಿದ್ದ ನಾನು. ಊರಿನ ಗಾಳಿ, ನೀರು ಕೆಡಿಸುವವರನ್ನು ಕೋರ್ಟಿಗೆ ಎಳೆಯುವುದು ನಮ್ಮ ಕೆಲಸ. ಕೆಳಗೆ ಸುತ್ತಿಗೆ ಸದ್ದು, ಮೇಲೆ ಟೈಪ್‌ರೈಟರ್ ಸದ್ದು. ನಡುವೆ ಕೂಗಿ ಕೂಗಿ ಮಾತಾಡಿ ದೊಡ್ಡ ವಕೀಲರ ಗಂಟಲು ಕಟ್ಟಿಹೋಗಿತ್ತು.

ಅಕ್ಕನದೊಂದು ಕ್ರಮವಿತ್ತು. ಸಾಕ್ಷಿ ಹೇಳುವವರ ಅಫಿಡವಿಟ್ಟನ್ನು ಸುಮ್ಮನೆ ಟೈಪ್ ಮಾಡಿ ಸಹಿಗೆ ಒಡ್ಡುತ್ತಿರಲಿಲ್ಲ. ಅವರನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ಸಾಲು ಗಟ್ಟಿಯಾಗಿ ಓದಿ, "ಇದು ನೀವು ಕಣ್ಣಾರೆ ಕಂಡಿದ್ದಾ, ಯಾರೋ ಹೇಳಿದ್ದಾ?" ಎಂದು ಕೇಳುತ್ತಿದ್ದರು. ಕಂಡದ್ದಲ್ಲವೆಂದರೆ ಆ ಸಾಲಿನ ಮೇಲೆ ಪೆನ್ಸಿಲ್ ಗೀಟು ಬೀಳುತ್ತಿತ್ತು. ದೊಡ್ಡ ವಕೀಲರು ಬರೆದ ಸಾಲಾದರೂ ಅಷ್ಟೇ.

ಊರಂಚಿನ ಕೆರೆಗೆ ಬಣ್ಣದ ಕಾರ್ಖಾನೆಯವರು ಕೊಳವೆ ಹಾಕಿ ಕೊಳಕು ನೀರು ಬಿಡಲು ಹೊರಟಿದ್ದರು. ಪರೀಕ್ಷೆಗೆಂದು ಒಂದು ದಿನ ಬಿಟ್ಟಾಗಲೇ ಮೀನು ಸತ್ತು ತೇಲಿದ್ದವು. ನಾವು ಕೋರ್ಟಿನಿಂದ ತಡೆಯಾಜ್ಞೆ ತಂದಿದ್ದೆವು. ಅದು ಉಳಿಯಬೇಕಾದರೆ ಕೆರೆಯಲ್ಲೇ ಮೀನು ಹಿಡಿದು ಬದುಕುತ್ತಿದ್ದ ದೋಣಿಯಜ್ಜನ ಸಾಕ್ಷಿ ನಿಲ್ಲಬೇಕಿತ್ತು. ಇಲ್ಲವಾದರೆ ಕೆರೆಯೂ ಹೋಯಿತು, ದಡದ ನಲವತ್ತು ಮನೆಗಳ ಅನ್ನವೂ ಹೋಯಿತು.

ಅಜ್ಜನ ಅಫಿಡವಿಟ್ಟು ಬರೆದವನು ನಾನು. ಸಾವಿರಾರು ಮೀನುಗಳು ಒದ್ದಾಡಿ ಸತ್ತವು, ಮಕ್ಕಳೆಲ್ಲ ಹಾಸಿಗೆ ಹಿಡಿದರು, ಇತ್ಯಾದಿ ಇತ್ಯಾದಿ. ಅಕ್ಕ ಓದಿ ಕನ್ನಡಕ ತೆಗೆದರು.

"ಏನಪ್ಪಾ ಮರಿ ವಕೀಲ, ನಾಟಕ ಬರ್ದಿದ್ಯಾ? ಅಜ್ಜ ಕಂಡಿದ್ದು ಒಂದು ಬುಟ್ಟಿ ಮೀನು."

"ಒಂದು ಬುಟ್ಟಿ ಅಂದ್ರೆ ಜಡ್ಜು ತಿರುಗಿ ನೋಡ್ತಾರಾ ಅಕ್ಕಾ? ನಿಮಗೆ ಕಾನೂನು ಗೊತ್ತಾಗಲ್ಲ."

"ಕಾನೂನು ಗೊತ್ತಿಲ್ಲಪ್ಪಾ. ಅಜ್ಜ ಗೊತ್ತು."

ನನಗೆ ಮೈಯೆಲ್ಲ ಉರಿಯಿತು. ದೊಡ್ಡ ವಕೀಲರು ಇನ್ನೊಂದು ಕೇಸಿಗೆಂದು ತಿಂಗಳ ಮಟ್ಟಿಗೆ ಪರವೂರಿಗೆ ಹೋಗಿದ್ದರು. ಕಾಗದ ಕಿತ್ತುಕೊಂಡು ಹೋಗಿ ಕೋರ್ಟಿನ ಪಕ್ಕದ ಅಂಗಡಿಯಲ್ಲಿ ಟೈಪ್ ಮಾಡಿಸಿದೆ. ಓದು ಬರದ ಅಜ್ಜನಿಗೆ "ನೀವು ಹೇಳಿದ್ದೇ ಇದೆ" ಎಂದು ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಕೋರ್ಟಿನಲ್ಲಿ ಕಾರ್ಖಾನೆಯ ವಕೀಲರು ಬೆಣ್ಣೆಯಂಥ ದನಿಯಲ್ಲಿ ಕೇಳಿದರು: "ಸಾವಿರಾರು ಮೀನು ಅಂದಿದ್ದೀರಲ್ಲ ಅಜ್ಜಾ, ಎಣಿಸಿದ್ರಾ?"

ಅಜ್ಜ ನನ್ನ ಮುಖ ನೋಡಿದರು. "ಇಲ್ಲ ಸ್ವಾಮಿ. ನಾನು ಎತ್ತಿ ಹಾಕಿದ್ದು ಒಂದು ಬುಟ್ಟಿ. ಸಾವಿರ ಅಂತ ನಾನು ಹೇಳೇ ಇಲ್ಲ."

ಸುಳ್ಳು ಸಾಕ್ಷಿ ಬರೆಸುವವರೆಂದು ಒಮ್ಮೆ ಹೆಸರಾದರೆ ಸಂಸ್ಥೆಯ ಬಾಗಿಲು ಮುಚ್ಚಿದಂತೆಯೇ. ಮೂರು ವಾರದೊಳಗೆ ನಂಬುವಂಥ ಸಾಕ್ಷಿ ತರದಿದ್ದರೆ ತಡೆಯಾಜ್ಞೆ ತೆಗೆದುಹಾಕುವುದಾಗಿ ನ್ಯಾಯಾಧೀಶರು ಹೇಳಿದರು.

ಕೋಣೆಗೆ ಬಂದು ಚೀಲ ಕಟ್ಟತೊಡಗಿದೆ. ಅಕ್ಕ ಎರಡು ಬೈದಿದ್ದರೆ ಹಗುರವಾಗುತ್ತಿತ್ತೇನೋ. ನಾನು ಹೇಳಿರಲಿಲ್ವಾ ಎಂಬ ಒಂದು ಮಾತೂ ಅವರ ಬಾಯಿಂದ ಬರಲಿಲ್ಲ.

"ಅಳೋದಿದ್ರೆ ಆಮೇಲೆ ಅಳು. ನಾಳೆಯಿಂದ ದಡದವರನ್ನ ದಿನಕ್ಕೆ ಇಬ್ಬರಂತೆ ಕರ್ಕೊಂಡು ಬಾ."

ಕೆಳಗಿನ ಅಂಗಡಿಯ ಸೈಕಲ್ಲಿನಲ್ಲಿ ಕೂರಿಸಿಕೊಂಡು ಕರೆತಂದೆ. ಮೊದಲು ಬಂದವರು ದೋಣಿಯಜ್ಜನೇ. ನಾನು ಅವರ ಕಾಲಿಗೆ ಬಿದ್ದೆ. "ಏಳಪ್ಪಾ, ಕೆರೆ ಉಳೀಲಿ ಅಂತ್ಲೇ ತಾನೇ ಬರ್ದಿದ್ದು? ಆದ್ರೆ ಇನ್ನೊಂದ್ಸಲ ನನ್ನ ಬಾಯಿಗೆ ಸುಳ್ಳು ತುರುಕಬೇಡ" ಎಂದರು. ಒಬ್ಬಾಕೆಗೆ ಬಟ್ಟೆ ಒಗೆದ ಮೇಲೆ ಮೊಣಕೈವರೆಗೆ ಗುಳ್ಳೆ ಎದ್ದಿದ್ದವು. ಇನ್ನೊಬ್ಬಾಕೆಯ ಬಾತುಗಳು ಮೂರು ದಿನ ನೀರಿಗೇ ಇಳಿದಿರಲಿಲ್ಲ. ಅಕ್ಕ ಎಲ್ಲರನ್ನೂ ಸಮಾಧಾನವಾಗಿ ಕೇಳಿ, ಒಬ್ಬೊಬ್ಬರದು ನಾಲ್ಕೈದು ಸಾಲಿನಂತೆ ಮೂವತ್ತೆಂಟು ಅಫಿಡವಿಟ್ಟು ಟೈಪ್ ಮಾಡಿದರು. ಬೆರಳುಗಳು ಊದಿಕೊಂಡಿದ್ದವು. ನಾನು ಬಿಸಿನೀರು ಕಾಯಿಸಿ ತಂದಿಟ್ಟರೆ, "ಪರವಾಗಿಲ್ವೇ, ಒಂದು ಕೆಲಸಕ್ಕೆ ಬಂದೆ" ಎನ್ನುತ್ತಿದ್ದರು.

ಮುಂದಿನ ಸಲ ಆ ಬೆಣ್ಣೆ ದನಿಯ ವಕೀಲರು ಏಳು ಜನರನ್ನು ತಿರುವಿ ಮುರುವಿ ಕೇಳಿ, ಸಾಕೆಂದು ಕುಳಿತರು. ಕಂಡದ್ದನ್ನಷ್ಟೇ ಹೇಳುವವರನ್ನು ಏನು ಮಾಡಲಾದೀತು! ವರ್ಷ ಕಳೆಯುವುದರೊಳಗೆ ತೀರ್ಪು ಬಂತು. ಆ ಕೊಳವೆಯ ನೀರು ಮತ್ತೆ ಕೆರೆಗೆ ಬರಲೇ ಇಲ್ಲ.

ಇವತ್ತು ನಮ್ಮಲ್ಲಿ ಹನ್ನೊಂದು ಜನ ವಕೀಲರಿದ್ದಾರೆ, ಎಲ್ಲರೂ ಅಕ್ಕನ ಕ್ರಮದಲ್ಲೇ ಕೆಲಸ ಮಾಡುತ್ತಾರೆ. ನನ್ನನ್ನು ಮನುಷ್ಯನನ್ನಾಗಿ ಮಾಡಿದ ಆ ತಾಯಿಗೆ ನಾನು ದಿನಾ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಆ ತೀರ್ಪು ಬಂದ ವಾರದ ಭಾನುವಾರ ಅಕ್ಕ ಮೆಲ್ಲಗೆ ಕೇಳಿದರು: "ನನ್ನನ್ನೂ ಒಂದ್ಸಲ ಕೆರೆಗೆ ಕರ್ಕೊಂಡು ಹೋಗ್ತೀಯಾ?" ನಾನು ಬೆಚ್ಚಿದೆ. ಕೋಣೆ, ಮನೆ, ಹಾಸಿಗೆ ಹಿಡಿದ ಅಮ್ಮ, ಇಷ್ಟರಲ್ಲೇ ಓಡಾಡುತ್ತಿದ್ದ ಅಕ್ಕ ಆ ಕೆರೆಯನ್ನು ನೋಡಿಯೇ ಇರಲಿಲ್ಲ.

ಅಜ್ಜ ದೋಣಿಯನ್ನು ನಡುನೀರಿಗೆ ತಂದು ನಿಲ್ಲಿಸಿದರು. ಅಕ್ಕ ಈ ದಡ ನೋಡಿದರು, ಆ ದಡ ನೋಡಿದರು. ಕಣ್ಣು ತುಂಬಿತ್ತು. ಆಮೇಲೆ ನನ್ನ ಬೆನ್ನಿಗೊಂದು ಗುದ್ದಿದರು.

"ಅಯ್ಯೋ ನಿನ್ನ! ಇಷ್ಟು ದೊಡ್ಡ ಕೆರೆನಾ? ಕಮ್ಮಿ ಬರ್ದ್‌ಬಿಟ್ವಲ್ಲೋ!"