ಕೋಲಾಟದಲ್ಲಿ ಎಣಿಕೆ ಕೂಗುವ ಕೆಲಸ

ಅಮೆರಿಕದಲ್ಲಿ, ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ನಮ್ಮ ಕನ್ನಡದವರ ಕೋಲಾಟಕ್ಕೆ ಎಣಿಕೆ ಕೂಗುವವಳು ನಾನು. ಮೈಕ್ ಹಿಡಿದು ‘ಒಂದು, ಎರಡು, ತಿರುಗಿ’ ಎನ್ನುವುದಷ್ಟೇ ಕೆಲಸ ಎಂದುಕೊಂಡವರು ಒಮ್ಮೆ ಕೂಗಿ ನೋಡಲಿ. ಒಳಸುತ್ತಿನವರು ಎಡಕ್ಕೆ, ಹೊರಸುತ್ತಿನವರು ಬಲಕ್ಕೆ ಹೋಗಬೇಕು. ಕಾಲು ಎತ್ತುವ ಒಂದು ಕ್ಷಣ ಮೊದಲೇ ನನ್ನ ಮಾತು ಅವರ ಕಿವಿಗೆ ಬೀಳಬೇಕು. ಜೊತೆಯಿಲ್ಲದೆ ನಿಂತವರಿಗೆ ಜೊತೆ ಹುಡುಕಬೇಕು. ಕುಣಿಯಲಾರದವರು ನೆಲ ಡೊಂಕು ಎನ್ನುತ್ತಾರಂತೆ. ನಮ್ಮ ಹಾಲ್‌ನಲ್ಲಿ ನೆಲ ನುಣ್ಣಗಿರುವುದರಿಂದ ಬೈಗುಳವೆಲ್ಲ ನನ್ನ ಪಾಲಿಗೆ. ಇರಲಿ. ನನ್ನಷ್ಟು ಚೆನ್ನಾಗಿ ಕೂಗುವವರು ಇಡೀ ಹ್ಯೂಸ್ಟನ್‌ನಲ್ಲಿ ಇಲ್ಲ, ಹಾಗೆ ಹೇಳಿಕೊಳ್ಳಲು ಸಂಕೋಚವೂ ಇಲ್ಲ.

ಕಳೆದ ದಸರೆಗೆ ಒಬ್ಬರು ಆಂಟಿ ಬಂದರು. ನಿವೃತ್ತ ಡಾಕ್ಟರ್, ಆ ವರ್ಷವೇ ಮಂಡಿ ಆಪರೇಷನ್ ಆಗಿತ್ತು. ಮತ್ತೆ ಕೋಲಾಟ ಆಡಬೇಕೆಂದೇ ದಿನವೂ ವ್ಯಾಯಾಮ ಮಾಡಿದ್ದರಂತೆ. ಶುರುವಾಗುವ ಮುಂಚೆ ಅವರ ಮಗಳು ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮಂಗೆ ಹೇಳ್ಬೇಡಿ, ಇವತ್ತು ಫಾಸ್ಟ್ ರೌಂಡ್ ಬೇಡ, ಪ್ಲೀಸ್" ಎಂದಳು. ತಲೆಯಾಡಿಸಿದೆ. ಜವಾಬ್ದಾರಿ ಎಂದರೆ ಇದೇ ತಾನೇ!

ಕೊನೆಯ ಸುತ್ತನ್ನು ದುಪ್ಪಟ್ಟು ವೇಗದಲ್ಲಿ ಆಡುವುದು ನಮ್ಮ ರೂಢಿ. ಅಂದು ಅದನ್ನೂ ನಿಧಾನವಾಗಿಯೇ ಕೂಗಿ, "ಮುಗೀತು, ಎಲ್ರೂ ಊಟಕ್ಕೆ ನಡೀರಿ" ಎಂದೆ. ಯೂನಿವರ್ಸಿಟಿ ಹುಡುಗರು ಗೊಣಗಿದರು. ಆಂಟಿ ಗೊಣಗಲಿಲ್ಲ. ಕೋಲು ಹಿಡಿದೇ ನೇರ ನನ್ನೆದುರು ಬಂದು ನಿಂತರು.

"ಯಾರು ಹೇಳಿದ್ದು ನಿಂಗೆ?"

ಸುಳ್ಳು ಬಾಯಿಗೆ ಬರಲಿಲ್ಲ. ಮಗಳ ಕಡೆ ನೋಡಿದೆ.

"ಮಂಡಿ ಅವಳ್ದಾ? ನನ್ನನ್ನ ಒಂದು ಮಾತು ಕೇಳಿದ್ಯಾ? ಆ ಒಂದು ರೌಂಡಿಗೋಸ್ಕರ ಕಣಮ್ಮ, ನಾನು ದಿನಾ ಹಲ್ಲು ಕಚ್ಕೊಂಡು ಈ ಕಾಲು ಮಡಚಿದ್ದು."

ನನಗೆ ನಿಜಕ್ಕೂ ನಾಚಿಕೆಯಾಯಿತು. ಎಲ್ಲರ ಹೆಜ್ಜೆಯನ್ನೂ ನೋಡಿಕೊಳ್ಳುವವಳು ಎಂದು ಬೀಗುವ ನಾನು, ಆಡುವವರನ್ನೇ ಕೇಳಿರಲಿಲ್ಲ. "ತಪ್ಪಾಯ್ತು ಆಂಟಿ" ಎಂದು ಮೈಕ್ ಎತ್ತಿಕೊಂಡೆ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರನ್ನೆಲ್ಲ ವಾಪಸ್ ಕರೆದೆ. ಮಗಳ ಕೈಗೂ ಕೋಲು ಕೊಟ್ಟು ಒಳಸುತ್ತಿಗೆ ತಳ್ಳಿದೆ.

ಈ ಸಲ ದುಪ್ಪಟ್ಟು ವೇಗ. ನನ್ನ ಕಣ್ಣು ಆಂಟಿಯ ಮಂಡಿಯಿಂದ ಕದಲಲಿಲ್ಲ. ಆ ಕಾಲು ಒಮ್ಮೆಯೂ ಹೆಜ್ಜೆ ತಪ್ಪಲಿಲ್ಲ. ಅದನ್ನೇ ನೋಡುತ್ತ ನಿಂತ ನಾನು ಎಣಿಕೆ ಮರೆತೆ, ಸುತ್ತು ಇನ್ನೇನು ಮುರಿಯಬೇಕು, ಅಷ್ಟರಲ್ಲಿ ಆಂಟಿ ಕುಣಿಯುತ್ತಲೇ "ಮೂರು, ನಾಲ್ಕು, ತಿರುಗಿ!" ಎಂದು ಗಟ್ಟಿಯಾಗಿ ಕೂಗಿದರು. ಎಲ್ಲರೂ ತಿರುಗಿದರು.