ಜಗಲಿ ಏರಿದ ಮೋಟಾರಿನ ಕೀಲಿಕೈ

ನಮ್ಮ ಪಡಸಾಲೆಯ ಗೋಡೆಗೆ ಒಂದು ಹಲಗೆ ಹೊಡೆಸಿದ್ದೇನೆ. ಅದರಲ್ಲಿ ಸಾಲಾಗಿ ಮೊಳೆಗಳು, ಒಂದೊಂದು ಮೊಳೆಗೆ ಒಂದೊಂದು ಕೀಲಿಕೈ. ತಲೆಬಾಗಿಲದ್ದು, ಅಟ್ಟದ್ದು, ಕಾಳಿನ ಕೋಣೆಯದು, ಕೊನೆಗೆ ಮಗನ ಕಾರಿನದು. ಕತ್ತಲಲ್ಲಿ ಕೈ ಚಾಚಿದರೂ ಬೇಕಾದದ್ದೇ ಸಿಗಬೇಕು, ಅದು ನನ್ನ ಕಟ್ಟಳೆ. ಮನೆಯವರು ನಗುತ್ತಾರೆ. ನಗಲಿ, ನಗುವವರೂ ಕೀಲಿಕೈ ಬೇಕಾದಾಗ ಹಲಗೆಯ ಮುಂದೆಯೇ ಬಂದು ನಿಲ್ಲುತ್ತಾರೆ.

ಹೋದ ವಾರ ಕೊನೆಯ ಮೊಳೆ ಖಾಲಿ ಉಳಿಯಿತು. ಮಗ ಕಾರಿನ ಕೀಲಿಕೈಯನ್ನು ಎಲ್ಲೋ ಬೀಳಿಸಿ ಬಂದಿದ್ದ. ಎರಡನೆಯದನ್ನು ಹಿಂದಿನ ವರ್ಷವೇ ಬೀಳಿಸಿದ್ದ. ಹೊಸದು ಬರುವವರೆಗೆ ಮನೆಯಲ್ಲಿ ಊಟ, ನಿದ್ದೆ, ಫೋನು ಎಲ್ಲವೂ ಅದರ ಸುತ್ತಲೇ ನಡೆದವು. ಇವತ್ತು ಬೆಳಿಗ್ಗೆ ಅದು ಬಂತು. ಕಪ್ಪು ಪ್ಲಾಸ್ಟಿಕ್ಕಿನ ತುಂಡು, ಮೈಮೇಲೆ ಗುಂಡಿಗಳು. "ಅವ್ವಾ, ಮೊಳಿಗೆ ಹಾಕಿಬಿಡು" ಎಂದು ನನ್ನ ಕೈಗೆ ಕೊಟ್ಟು ಸ್ನಾನಕ್ಕೆ ಹೋದ.

ನಾನು ಹಲಗೆಯ ಕಡೆ ನಡೆದವಳು ಅರ್ಧದಲ್ಲೇ ನಿಂತೆ. ಅಡುಗೆಮನೆಯಿಂದ ಜೋಳ ಅರಳಿಸಿ ಅಳ್ಳು ಹುರಿಯುವ ವಾಸನೆ ಬಂತು. ನಾಳಿದ್ದು ನಾಗರ ಪಂಚಮಿ. ಸೊಸೆ ಅಳ್ಳು ಹುರಿಯುತ್ತಿದ್ದಳು, ಉಂಡಿ ಕಟ್ಟುವವಳಿದ್ದಳು, ಆದರೆ ತವರಿಗೆ ಹೋಗುವ ಮಾತು ಇರಲಿಲ್ಲ. ಹೋದ ವರ್ಷವೂ ಇರಲಿಲ್ಲ. "ನಾನ ಕರಕೊಂಡು ಹೋಗ್ತೀನಿ, ಆಮ್ಯಾಲ" ಅನ್ನುತ್ತಾನೆ ನನ್ನ ಮಗ. ಆ 'ಆಮ್ಯಾಲ' ಎಂಬ ಮಾತು ನಮ್ಮ ಮನೆಯ ಗಂಡಸರಿಗೆ ಆಸ್ತಿಯ ಜೊತೆ ಬಂದದ್ದು. ಕೈಯಲ್ಲಿ ಕೀಲಿಕೈ, ಮೂಗಿಗೆ ಅಳ್ಳಿನ ವಾಸನೆ. ಇವೆರಡೂ ಹಿಂದೊಮ್ಮೆ ಹೀಗೇ ಒಟ್ಟಿಗೆ ಬಂದಿದ್ದವು. ಬನ್ನಿ, ಕೂತು ಹೇಳುತ್ತೇನೆ.

ನಾನು ಕುಷ್ಟಗಿಗೆ ಸೊಸೆಯಾಗಿ ಬಂದದ್ದು ಎರಡನೆಯ ಮಹಾಯುದ್ಧದ ದಿನಗಳಲ್ಲಿ. ನನ್ನ ತವರು ಸಿದ್ದಾಪುರ. ಆಗಿನ್ನೂ ಆ ಕಡೆ ಕಾಲುವೆ ಬಂದಿರಲಿಲ್ಲ, ಭತ್ತ ಕಂಡವರೂ ಕಡಿಮೆ. ಅಪ್ಪ ಸಾಲಿ ಮಾಸ್ತರರು. ಮನೆಯನ್ನೂ ಅವರು ಸಾಲಿಯಂತೆಯೇ ನಡೆಸಿದರು. ಏಳುವುದಕ್ಕೆ ಗಂಟೆ, ಉಣ್ಣುವುದಕ್ಕೆ ಗಂಟೆ, ಬೆಲ್ಲ ಕೇಳುವುದಕ್ಕೂ ಒಂದು ಹೊತ್ತು. ಅಳು ಬಂದರೂ ಪಾಠ ಮುಗಿಸಿಯೇ ಅಳಬೇಕು. ನಾನು ಅದನ್ನೆಲ್ಲ ಗಂಟು ಕಟ್ಟಿಕೊಂಡು ಗಂಡನ ಮನೆಗೆ ತಂದೆ. ಅಲ್ಲಿ ನೋಡಿದರೆ ಗಡಿಯಾರಕ್ಕೆ ಕೀಲಿ ಕೊಡುವವರೇ ಇಲ್ಲ. ಮಾವನವರು ಹಸಿದಾಗ ಮಧ್ಯಾಹ್ನ, ನಿದ್ದೆ ಬಂದಾಗ ರಾತ್ರಿ. ಗಂಡ ಹೈದರಾಬಾದಿನಲ್ಲಿ ಓದುತ್ತಿದ್ದರು. ಹಾಗಾಗಿ ಆ ದೊಡ್ಡ ಮನೆಯಲ್ಲಿ ನಾನು, ಅತ್ತೆ, ಮಾವ, ಆಳುಕಾಳು, ಮತ್ತು ಮೋಟಾರು.

ಆ ಮೋಟಾರು ಕೊಪ್ಪಳದಿಂದ ವರ್ಗವಾಗಿ ಹೊರಟ ಒಬ್ಬ ಸಾಹೇಬರದು. ಅವರು ಅದನ್ನು ಹೊತ್ತುಕೊಂಡು ಹೋಗಲಾರದೆ ಮಾರಿದರು, ಮಾವ ಬಿಟ್ಟು ಬರಲಾರದೆ ಕೊಂಡರು. ಪೆಟ್ರೋಲಿಗೆ ಆಗ ಬಿಗಿ ಕಾಲ, ಆದ್ದರಿಂದ ಅದು ಓಡಿದ್ದಕ್ಕಿಂತ ತೊಳೆಸಿಕೊಂಡದ್ದೇ ಹೆಚ್ಚು. ಮಾವನವರು ಅದರ ಕೀಲಿಕೈಯನ್ನು ಬಲಗೈ ತೋರುಬೆರಳಿಗೆ ಸಿಕ್ಕಿಸಿಕೊಂಡು ಗಿರಗಿರ ತಿರುಗಿಸುತ್ತ ಊರಲ್ಲಿ ಅಡ್ಡಾಡುತ್ತಿದ್ದರು. ಸಾಹೇಬರು ಹಾಗೆ ತಿರುಗಿಸುವುದನ್ನು ಕಂಡಿದ್ದರಂತೆ. ಮೋಟಾರು ಮನೆಯಲ್ಲೇ ಇದ್ದರೂ ಕೀಲಿಕೈ ದಿನಾ ಬಜಾರಿಗೆ ಹೋಗಿ ಬರುತ್ತಿತ್ತು.

ನನ್ನ ಮೊದಲ ಪಂಚಮಿ ಬರುವುದಿತ್ತು. ನಮ್ಮ ಕಡೆ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ಕರೆದೊಯ್ಯಬೇಕು. ಜೋಕಾಲಿ, ಉಂಡಿ, ಗೆಳತಿಯರು ಎಲ್ಲ ಅಲ್ಲಿ ಕಾಯುತ್ತಿರುತ್ತಾರೆ. ಮದುವೆಯಾದ ಮೊದಲ ವರ್ಷವಂತೂ ತಪ್ಪಬಾರದು. ಅಣ್ಣ ಬಂಡಿ ಕಟ್ಟಿಕೊಂಡು ಬರುತ್ತೇನೆಂದು ಹೇಳಿ ಕಳಿಸಿದ. ಮಾವ ಆ ಸುದ್ದಿ ತಂದವನನ್ನು ಅಂಗಳದಲ್ಲೇ ನಿಲ್ಲಿಸಿ, ಬೆರಳು ತಿರುಗಿಸುತ್ತ, ಓಣಿಯ ಕೊನೆಗೂ ಕೇಳುವಂತೆ ಹೇಳಿದರು: "ಬಂಡಿ ಗಿಂಡಿ ಬ್ಯಾಡ ಅಂತ ಹೇಳು. ನಮ್ಮ ಸೊಸಿ ಮೋಟಾರಿನ್ಯಾಗ ಬರ್ತಾಳ. ನಾನ ಹೊಡಕೊಂಡು ಬರ್ತೀನಿ."

ಅದಕ್ಕೆಂದು ಯುಗಾದಿಯಿಂದ ಒಂದು ಡಬ್ಬಿ ಪೆಟ್ರೋಲು ಉಳಿಸಿಟ್ಟಿದ್ದರು, ಪಾಪ. ನಾನು ಆ ದಿನವೇ ಟ್ರಂಕು ತುಂಬಲು ಶುರುಮಾಡಿದೆ. ಸೀರೆ ಕೆಳಗೆ, ಕುಪ್ಪಸ ಮೇಲೆ, ತಂಗಿಯರ ಬಳೆ ಅರಿವೆಯಲ್ಲಿ ಸುತ್ತಿ ಮೂಲೆಗೆ. ತುಂಬಿದ್ದು ಸರಿಯಿಲ್ಲ ಎನಿಸಿ ಬಿಚ್ಚಿ ಮತ್ತೆ ತುಂಬಿದೆ. ಅತ್ತೆ ನೋಡಿಯೂ ನೋಡದವರಂತೆ ಓಡಾಡಿದರು.

ಮಳೆಗಾಲ ಹಿಡಿಯುವ ಮುಂಚೆ ಹಗೇವು ತುಂಬಿಸಿದರು. ಹಗೇವು ಅಂದರೆ ನೆಲದೊಳಗಿನ ಕಣಜ. ಮೇಲೆ ಸಣ್ಣ ಬಾಯಿ, ಒಳಗೆ ಆನೆ ಹಿಡಿಸುವ ಹೊಟ್ಟೆ. ಜೋಳ ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮಳೆ ಮುಗಿಯುವ ತನಕ ಅದನ್ನು ಮುಟ್ಟುವಂತಿಲ್ಲ. ಹಸಿ ಗಾಳಿ ಹೊಕ್ಕರೆ ವರ್ಷದ ಜೋಳವೇ ಹೋಯಿತು. ಮಾವನವರು ಬೆಳಿಗ್ಗೆಯಿಂದ ಹಗೇವಿನ ಬಾಯಿಯ ಹತ್ತಿರ ನಿಂತು, ಬಗ್ಗಿ, ಕೈ ಮಾಡಿ ಆಳುಗಳಿಗೆ ಹೇಳಿದ್ದೇ ಹೇಳಿದ್ದು. ಸಂಜೆ ಮಣ್ಣು ಮೆತ್ತಿ, ಕಾಯಿ ಒಡೆದು, ಎಲ್ಲರೂ ಕೈಕಾಲು ತೊಳೆದರು. ಆಗ ಮಾವ ತಮ್ಮ ಬೆರಳು ನೋಡಿಕೊಂಡರು. ಬರೀ ಬೆರಳು.

ಮನೆಯೆಲ್ಲ ಹುಡುಕಿದೆವು. ಕೊನೆಗೆ ಹಿರಿಯ ಆಳು ದುರುಗಪ್ಪ ತಲೆ ಕೆರೆದುಕೊಂಡು ಹೇಳಿದ: "ಧಣೇರ, ಮುಂಜಾನಿ ಹಗೇವಿನ ಬಾಯಾಗ ಬಗ್ಗಿದಾಗ ಬೆರಳಾಗ ಕೀಲಿಕೈ ತಿರುಗತಿತ್ರಿ. ಆಮ್ಯಾಲ ನೋಡಿದೆ, ಬೆರಳಷ್ಟ ತಿರುಗತಿತ್ತು."

"ಮತ್ತ ಆವಾಗ ಯಾಕ ಹೇಳಲಿಲ್ಲೋ?"

"ನೀವು ಮಾತಾಡಾಕ ಹತ್ತಿದ್ರಿ. ನಡುವ ಬಾಯಿ ಹಾಕಬ್ಯಾಡ ಅಂತ ನೀವ ಹೇಳೀರಿ."

ಅತ್ತೆ ಒಲೆಯ ಮುಂದಿನಿಂದ ಏಳದೆ ಹೇಳಿದರು: "ಯಾಕ ಚಿಂತಿ ಮಾಡ್ತೀರಿ? ಕಳದಿಲ್ಲ. ಇದ್ದಲ್ಲೇ ಐತಿ."

ಅದು ನಿಜವೇ. ಅಷ್ಟು ಭದ್ರವಾಗಿ ಯಾವ ಖಜಾನೆಯಲ್ಲೂ ಯಾರೂ ಏನನ್ನೂ ಇಟ್ಟಿರಲಾರರು. ಎಲ್ಲಿದೆ ಎಂದು ಊರಿಗೆಲ್ಲ ಗೊತ್ತು, ಮೇಲೆ ವರ್ಷದ ಜೋಳ. ಇನ್ನೊಂದು ತರಿಸೋಣವೆಂದರೆ ಮುಂಬೈಗೆ ಬರೆಯಬೇಕು, ಮುಂಬೈಯವರು ವಿಲಾಯಿತಿಗೆ ಬರೆಯಬೇಕು, ವಿಲಾಯಿತಿಯವರು ಯುದ್ಧ ಮುಗಿಸಿ ಉತ್ತರ ಕೊಡಬೇಕು. ಕೊಪ್ಪಳದ ಬಸ್ಸಿನ ಡ್ರೈವರನೊಬ್ಬ ತಂತಿಗೆ ತಂತಿ ಜೋಡಿಸಿ ಚಾಲೂ ಮಾಡಿಕೊಡುತ್ತೇನೆ ಅಂದ. ಮಾವ ಒಪ್ಪಲಿಲ್ಲ. "ಕಳ್ಳರ ಗತೆ ಚಾಲೂ ಮಾಡಿದ ಮೋಟಾರಿನ್ಯಾಗ ಬೀಗರ ಮನಿಗೆ ಹೋಗಂತೀಯೇನು?" ಬಂಡಿ ಕಳಿಸಿ ಎಂದು ಸಿದ್ದಾಪುರಕ್ಕೆ ಮತ್ತೆ ಹೇಳಿ ಕಳಿಸಲು ಅವರ ನಾಲಗೆ ಏಳಲಿಲ್ಲ. ಇತ್ತ ನನ್ನ ಟ್ರಂಕು ಮೂರನೆಯ ಸಲ ಅಚ್ಚುಕಟ್ಟಾಯಿತು.

ಕಮ್ಮಾರ ಬಂದು ಕೀಲಿಯ ತೂತು ನೋಡಿ, ಇದು ಸೂಜಿ ಹೋಗುವ ಜಾಗ, ನನ್ನ ಸುತ್ತಿಗೆಗೆ ಸಲ್ಲದು ಎಂದ. ಸಣ್ಣ ಕೆಲಸವೆಂದರೆ ಚಿನ್ನ ಬೆಳ್ಳಿಯ ಪತ್ತಾರ ಮೋನಪ್ಪ. ಮೂಗಿನ ನತ್ತಿನ ಮೇಲೆ ನವಿಲು ಕೂರಿಸುವ ಮನುಷ್ಯ. ಆದರೆ ಅವನಿಗೊಂದು ಬಿಗುಮಾನ.

"ನಮ್ಮ ಕುಲುಮಿಗೆ ಕಬ್ಬಿಣ ಬರೂದಿಲ್ರಿ ಧಣೇರ. ನಮ್ಮ ಅಜ್ಜ, ಮುತ್ತಜ್ಜ ಯಾರೂ ಮುಟ್ಟಿಲ್ಲ. ಬೆಳ್ಳಿಯಾಗ ಮಾಡಿಕೊಡ್ತೀನಿ, ತುಸು ತಾಮ್ರ ಕೂಡಿಸಿ."

"ಬೆಳ್ಳಿ ಕೀಲಿಕೈ ಎಲ್ಲೆರ ಅದಾವೇನೋ?"

"ಮೋಟಾರ ಅದಾವ ಅಂತ ನಮ್ಮಪ್ಪಗೆ ಗೊತ್ತಿತ್ತೇನ್ರಿ?"

ಮಾವ ಬೆಳ್ಳಿ ತೂಗಿಕೊಟ್ಟರು. ಮೋನಪ್ಪ ಬೆಳ್ಳಿಯ ಪಟ್ಟಿಗೆ ದೀಪದ ಮಸಿ ಹಿಡಿಸಿ ತೂತಿಗೆ ಹಾಕಿ ತೆಗೆದ. ಮಸಿ ಎಲ್ಲಿ ಒರೆಸಿಹೋಗಿದೆಯೋ ನೋಡಿಕೊಂಡು ಅರದಿಂದ ತಿಕ್ಕಬೇಕು. ಯಾವಾಗ ಕೊಡುತ್ತೀ ಅಂದರೆ "ನಾಳಿ". ನಿಮ್ಮೂರ ಪತ್ತಾರರೂ ಹೀಗೇ ಇರಬೇಕು. ಗಂಟೆಯ ಮೇಲೆ ಬೆಳೆದ ನಾನು ಆ 'ನಾಳಿ'ಯನ್ನು ನಂಬಿ ಪ್ರತಿದಿನ ಬೆಳಿಗ್ಗೆ ತಲೆ ಬಾಚಿ ತಯಾರಾದೆ. ಆಷಾಢ ಕರಗುತ್ತ ಬಂತು. ಮಾವನವರು ಪತ್ತಾರನ ಕಟ್ಟೆಯ ಮೇಲೇ ಕೂತುಬಿಟ್ಟರು. ಕೊನೆಗೆ ಅಮಾವಾಸ್ಯೆಯ ಸಂಜೆ ಕೀಲಿಕೈ ತಯಾರಾಯಿತು. ಹಲ್ಲು ಬೇಗನೆ ಕೂತಿದ್ದವಂತೆ. ತಡವಾದದ್ದು ತಲೆಗೆ. ಹಿಡಿಯುವ ಕಡೆ ಮೋನಪ್ಪ ಜೋಡಿ ಗಿಳಿ ಕೆತ್ತಿದ್ದ, ನಡುವೆ ದ್ರಾಕ್ಷಿ ಗೊಂಚಲು. "ಬೋಳ ಸಾಮಾನು ಮಾಡಾಕ ನನಗ ಬರೂದಿಲ್ರಿ" ಎಂದನಂತೆ.

ಮಾವ ಅಂಗಳದಲ್ಲಿ ಮೋಟಾರಿಗೆ ಹಾಕಿ ತಿರುಗಿಸಿದರು. ದುರುಗಪ್ಪ ಮುಂದಿನಿಂದ ಹಿಡಿಕೆ ತಿರುವಿದ. ಮೋಟಾರು ಕೆಮ್ಮಿ, ಗುಡುಗಿ, ನಿಂತಲ್ಲೇ ಕುಣಿಯಿತು. ನಾನು ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಂಡೆ. ಅಷ್ಟರಲ್ಲಿ ಅತ್ತೆ ಹೊರಗೆ ಬಂದು ಕೀಲಿಕೈ ಈಸಿಕೊಂಡರು, ಗಿಳಿಗಳನ್ನು ಹೆಬ್ಬೆರಳಿಂದ ಸವರಿದರು.

"ಮನಿಗೆ ಹೊಸ ಬೆಳ್ಳಿ ಬಂದೈತಿ. ದೇವರಿಗೆ ತೋರಸದ ಹಂಗ ಬಳಸೂದೇನು?"

ಮಾರನೆಯ ಬೆಳಿಗ್ಗೆ ನೋಡಿದರೆ ಕೀಲಿಕೈ ಜಗಲಿಯ ಮೇಲೆ ಕೂತಿತ್ತು. ನಮ್ಮ ಕಡೆ ಜಗಲಿ ಎಂದರೆ ಮನೆಯ ದೇವರು ಕೂರುವ ಕಟ್ಟೆ. ಬೆಳ್ಳಿಯ ಮುಖಗಳು, ಬೆಳ್ಳಿಯ ದೀಪ, ಪಕ್ಕದಲ್ಲಿ ಮೋಟಾರಿನ ಕೀಲಿಕೈ, ಅದಕ್ಕೆ ವಿಭೂತಿ, ತಲೆಯ ಮೇಲೊಂದು ದಾಸವಾಳ. ಶ್ರಾವಣ ಹುಟ್ಟಿತ್ತು. ಶ್ರಾವಣದಲ್ಲಿ ಜಗಲಿ ಏರಿದ ಬೆಳ್ಳಿ ತಿಂಗಳು ಮುಗಿಯದೆ ಇಳಿಯುವುದಿಲ್ಲ, ಅದು ಆ ಮನೆಯ ನಡೆ.

ಮಾವ ಬೇಡಿದರು, ಸಿಟ್ಟಾದರು, ಒಂದು ಹೊತ್ತು ಊಟ ಬಿಟ್ಟರು. ಸಂಜೆ ಹಸಿವಾಗಿ ಎರಡು ಹೊತ್ತಿನದು ಉಂಡರು. ನಾನು ಟ್ರಂಕಿನ ಮೇಲೆ ಕೂತೆ. ಪಾಠ ಮುಗಿಸಿಯೇ ಅಳಬೇಕೆಂಬ ಕಟ್ಟಳೆ ಇತ್ತಲ್ಲ, ಪಾತ್ರೆ ತೊಳೆದು, ದೀಪ ಹಚ್ಚಿ, ಎಲ್ಲ ಮುಗಿಸಿ ಅತ್ತುಬಿಟ್ಟೆ. ಅತ್ತೆಯವರ ಮೇಲೆ ನನಗೆ ಬಂದ ಸಿಟ್ಟನ್ನು ಇಲ್ಲಿ ಹೇಳಿದರೆ ನಾಲಗೆ ಸುಟ್ಟೀತು.

ಪಂಚಮಿಯ ಹಿಂದಿನ ದಿನ, ನಸುಕಿನಲ್ಲೇ ಅತ್ತೆ ತಲೆಗೆ ನೀರು ಹಾಕಿಕೊಂಡು, ಮಡಿಯುಟ್ಟು, ಕೀಲಿಕೈ ತೆಗೆದು ಸೆರಗಿನ ಗಂಟಿಗೆ ಕಟ್ಟಿಕೊಂಡು ಅಂಗಳಕ್ಕೆ ಬಂದರು. "ಜಗಲಿಯಿಂದ ಜಗಲಿಗೆ ಹೋದ್ರ ಅಡ್ಡಿಯಿಲ್ಲ. ಕೀಲಿಕೈ ನಾನ ಹಿಡೀತೀನಿ. ನೀವು ಜಳಕಾ ಮಾಡಿ ಬರ್ರಿ." ಸೋಮವಾರ ಬಿಟ್ಟರೆ ನೀರು ಕಾಣದ ಮಾವ ಆ ದಿನ ತಣ್ಣೀರನ್ನೇ ಸುರಿದುಕೊಂಡು ಓಡಿ ಬಂದರು. ಅತ್ತೆ ಮುಂದೆ ಕೂತು, ತಮ್ಮ ಕೈಯಾರೆ ಕೀಲಿ ತಿರುಗಿಸಿದರು. ಹಿಂದೆ ನಾನು, ನನ್ನ ಟ್ರಂಕು, ಉಂಡಿಯ ಬುಟ್ಟಿ.

ಊರ ಹೊರಗೆ ದಾರಿಗಳು ಕೂಡುವಲ್ಲಿ ಮಾವ ಮೋಟಾರು ನಿಲ್ಲಿಸಿದರು. ಒಂದು ದಾರಿ ಯಲಬುರ್ಗಿಗೆ, ಅದು ಅತ್ತೆಯ ತವರು. ಇನ್ನೊಂದು ನಮ್ಮ ಕಡೆಗೆ. ಪೆಟ್ರೋಲು ಒಂದೇ ಡಬ್ಬಿ.

"ನಿನ್ನ ಮನಸಿನ್ಯಾಗ ಏನೈತಿ ಈಗ ಹೇಳಿಬಿಡು" ಎಂದರು ಮಾವ. "ಯಲಬುರ್ಗಿಗೆ ಹೋಗೂದೇನು?"

ಅತ್ತೆ ಆ ದಾರಿಯನ್ನು ಸ್ವಲ್ಪ ಹೊತ್ತು ನೋಡಿದರು. "ಅಲ್ಲಿ ಯಾರದಾರ್ರಿ? ಅಣ್ಣ ಇರೂತನಕ ವರ್ಷಾ ಬಂಡಿ ಕಟಗೊಂಡು ಬಂದ. ವರ್ಷಾ ನೀವು ಆಮ್ಯಾಲ ಅಂದ್ರಿ. ಖಾಲಿ ಬಂಡಿ ಹೊಡಕೊಂಡು ಹೋದ. ಈಗ ಅವನ ಇಲ್ಲ." ಆಮೇಲೆ, ನನ್ನ ಕಡೆ ತಿರುಗದೆಯೇ, "ಸಿದ್ದಾಪುರಕ್ಕ ನಡ್ರಿ. ಇಕಿ ಟ್ರಂಕ ತುಂಬಿ ಬಿಚ್ಚಿ ನನಗ ನಿದ್ದಿ ಇಲ್ಲದಂಗ ಮಾಡ್ಯಾಳ" ಎಂದರು.

ಮಾವ ಮೋಟಾರನ್ನು ಹೇಮಗುಡ್ಡದ ಕಡೆ ತಿರುಗಿಸಿದರು. ಆಮೇಲೆ ಯಾರು ಏನು ಅಂದರೂ ಆ ಸದ್ದಿನಲ್ಲಿ ಕೇಳುತ್ತಿರಲಿಲ್ಲ ಅನ್ನಿ.

ಸಿದ್ದಾಪುರದಲ್ಲಿ ಇಳಿದ ಕೂಡಲೇ ಅತ್ತೆ ನೇರವಾಗಿ ಒಳಗೆ ಹೋಗಿ ಕೀಲಿಕೈಯನ್ನು ನಮ್ಮ ಮನೆಯ ಜಗಲಿಯ ಮೇಲೆ ಇಟ್ಟರು. ಪಂಚಮಿಯ ದಿನ ಬೇವಿನ ಮರದ ಜೋಕಾಲಿಯಲ್ಲಿ ನಿಂತು ಜೀಕಿದರು. ಕೂತು ಅಲ್ಲ, ನಿಂತು, ಸೆರಗು ಬಿಗಿದು. ನಮ್ಮ ಓಣಿಯ ಹುಡುಗಿಯರು ಕೆಳಗೆ ನಿಂತು ಬಾಯಿ ತೆರೆದು ನೋಡಿದರು. ಮಾರನೆಯ ದಿನ ಮಾವ, ವ್ಯಾಪಾರ ಕಾಯುತ್ತಿದೆ ಎಂದು ಕೀಲಿಕೈ ಕೇಳಿದರು.

"ಬೀಗರ ಜಗಲಿ ಮ್ಯಾಲ ಐತ್ರಿ. ಶ್ರಾವಣ ಮುಗಿಯೂತನಕ ಹೆಂಗ ಇಳಸೂದು? ಇಕಿನ್ನ ಬಿಟ್ಟು ನಾ ಹೆಂಗ ಬರೂದು? ಕೀಲಿಕೈ ಬಿಟ್ಟು ಮೋಟಾರ ಹೆಂಗ ಬರತೈತಿ?"

ಮಾವ ನನ್ನ ಅಪ್ಪನ ಮುಖ ನೋಡಿದರು. ಅಪ್ಪ ಗಡಿಯಾರ ನೋಡಿದರು. ಬೀಗತಿ ತಿಂಗಳಿಡೀ ಇರುತ್ತಾರೆಂದು ಅವರ ವೇಳಾಪಟ್ಟಿಯಲ್ಲಿ ಎಲ್ಲೂ ಬರೆದಿರಲಿಲ್ಲ. ಆದರೂ ಮರ್ಯಾದೆಯ ಮನುಷ್ಯ, ಅಣ್ಣನಿಗೆ ಬಂಡಿ ಕಟ್ಟಲು ಹೇಳಿದರು. ಬೇಡವೆಂದು ಹೇಳಿ ಕಳಿಸಿದ್ದ ಅದೇ ಬಂಡಿ. ಮಾವನವರು ಹುಲ್ಲಿನ ಮೇಲೆ ಜಮಖಾನ ಹಾಸಿಕೊಂಡು ಕೂತು ಹೊರಟರು. ನಾನೂ ಅತ್ತೆಯೂ ಬಾಗಿಲಲ್ಲಿ ನಿಂತು ನೋಡಿದೆವು. ಬಂಡಿ ತಿರುವಿಗೆ ಹೋದಾಗ ಅವರ ಬಲಗೈ ಬೆರಳು ಗಿರಗಿರ ತಿರುಗುತ್ತಿತ್ತು, ಏನೂ ಇಲ್ಲದೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಐದು ದಿನಕ್ಕೆಂದು ಬಂದವಳಿಗೆ ಇಡೀ ಶ್ರಾವಣ ಸಿಕ್ಕಿತು. ಅತ್ತೆಗೂ. ವಾರ ಕಳೆಯುವುದರೊಳಗೆ ಅಪ್ಪನ ಗಂಟೆಯನ್ನು ಅವರೇ ಬಾರಿಸುತ್ತಿದ್ದರು, ಬೆಲ್ಲದ ಹೊತ್ತಿಗೆ ಮಾತ್ರ ಎರಡು ಸಲ.

ಚಳಿಗಾಲದಲ್ಲಿ ಹಗೇವು ತೆಗೆದಾಗ ಹಳೆಯ ಕೀಲಿಕೈ ಜೋಳದ ಧೂಳು ಮೆತ್ತಿಕೊಂಡು ಮೇಲೆ ಬಂತು. ಮಾವ ಅದನ್ನು ಮತ್ತೆ ಬೆರಳಿಗೆ ಹಾಕಲಿಲ್ಲ, ಉಡದಾರಕ್ಕೆ ಕಟ್ಟಿಕೊಂಡರು. ಆದರೆ ಮುಂದಿನ ಶ್ರಾವಣ ಹುಟ್ಟಿದ ದಿನ, ಯಾರೂ ಕೇಳದೆ, ಸ್ನಾನ ಮಾಡಿ ಬಂದು, ಆ ಕಬ್ಬಿಣದ ತುಂಡನ್ನು ತಾವೇ ಬಿಚ್ಚಿ ಜಗಲಿಯ ಮೇಲೆ ಬೆಳ್ಳಿಯ ಪಕ್ಕದಲ್ಲಿಟ್ಟರು. ಅವರು ಇರುವವರೆಗೂ ಹಾಗೇ ನಡೆಯಿತು.

ಮೋಟಾರು ಎಂದೋ ಗುಜರಿಗೆ ಹೋಯಿತು. ಜೋಡಿ ಗಿಳಿಯ ಕೀಲಿಕೈ ಇವತ್ತಿಗೂ ನಮ್ಮ ಜಗಲಿಯ ಮೇಲಿದೆ. ಅದಕ್ಕೆ ಹಲಗೆಯಲ್ಲಿ ಮೊಳೆ ಇಲ್ಲ. ನನ್ನ ಅಚ್ಚುಕಟ್ಟು ಅದರ ತನಕ ಹೋಗುವುದಿಲ್ಲ.

ನಾನು ಸೊಸೆಗೆ ಕೇಳಿದೆ, "ನಿನ್ನ ಟ್ರಂಕ ಎಲ್ಲೈತಿ?" ಅವಳು ಅಳ್ಳು ಹುರಿಯುವುದನ್ನು ನಿಲ್ಲಿಸಿ, ಈಗ ಟ್ರಂಕು ಯಾರು ಒಯ್ಯುತ್ತಾರೆ ಅತ್ತಿ, ಬ್ಯಾಗು ಇದೆ ಅಂದಳು. "ಅದನ್ನ ತುಂಬು. ನಂದೊಂದೆರಡು ಸೀರಿನೂ ಹಾಕು" ಎಂದೆ.

ಮಗ ತಲೆ ಒರೆಸಿಕೊಳ್ಳುತ್ತ ಬಂದು ಹಲಗೆಯ ಮುಂದೆ ನಿಂತ. ಕೊನೆಯ ಮೊಳೆ ಖಾಲಿ.

"ಅವ್ವಾ, ಕೀಲಿಕೈ ಎಲ್ಲಿ ಇಟ್ಟಿ? ಮತ್ತ ಕಳೀತೇನು?"

"ಕಳದಿಲ್ಲಪ್ಪ" ಎಂದೆ. "ಇದ್ದಲ್ಲೇ ಐತಿ." ಜಗಲಿಯ ಮೇಲೆ, ಗಿಳಿಗಳ ಪಕ್ಕದಲ್ಲಿ, ಆ ಪ್ಲಾಸ್ಟಿಕ್ಕಿನ ತುಂಡಿಗೆ ನಾನಾಗಲೇ ವಿಭೂತಿ ಹಚ್ಚಿ ಆಗಿತ್ತು.